ಮುಖವಾಡವಿಲ್ಲದ ಸವಾರ

ಬಾನುಲಿ ನಾಟಕ ಬರೆಯುವವರಿಗೆ ಒಂದು ಕಷ್ಟವುಂಟು. ರಂಗದ ಮೇಲೆ ನಟನು ಮೌನವಾಗಿ ನಿಂತರೂ ನೋಡುವವರಿಗೆ ಕಾಣುತ್ತಾನೆ. ರೇಡಿಯೋದಲ್ಲಿ ಮಾತು ನಿಂತ ಗಳಿಗೆಯೇ ಪಾತ್ರವೂ ಮಾಯವಾಗುತ್ತದೆ. ಕಥಾನಾಯಕನು ಒಂಟಿಯಾಗಿ ಕಾಡುಮೇಡು ಅಲೆಯುವವನಾದರೆ ಅವನು ಮಾತನಾಡುವುದಾದರೂ ಯಾರೊಡನೆ? ತನ್ನ ಮನಸ್ಸಿನಲ್ಲಿರುವುದನ್ನು ಕೇಳುಗರಿಗೆ ತಿಳಿಸುವುದು ಹೇಗೆ?

1933ರ ಆರಂಭದಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಡಬ್ಲ್ಯು.ಎಕ್ಸ್.ವೈ.ಜ಼ೆಡ್. ಎಂಬ ಬಾನುಲಿ ನಿಲಯಕ್ಕೆ ಈ ಕಷ್ಟ ಎದುರಾಯಿತು. ನಿಲಯದ ಒಡೆಯರು ಜಾರ್ಜ್ ಟ್ರೆಂಡಲ್ ಎಂಬವರು. ಅವರಿಗಾಗಿ ಫ್ರಾನ್ ಸ್ಟ್ರೈಕರ್ ಎಂಬ ಲೇಖಕರು ಬಫಲೋ ಎಂಬ ಊರಿನಲ್ಲಿ ಕುಳಿತು ಕಥೆ ಬರೆದು ಟಪಾಲಿನಲ್ಲಿ ಕಳುಹಿಸುತ್ತಿದ್ದರು. ಕಥೆಯ ಹೆಸರು ‘ಲೋನ್ ರೇಂಜರ್’, ಎಂದರೆ ಒಂಟಿ ಕಾವಲುಗಾರ. ಕಣ್ಣಿಗೆ ಕಪ್ಪು ಮುಖವಾಡ, ಬಂದೂಕಿನಲ್ಲಿ ಬೆಳ್ಳಿಯ ಗುಂಡು, ಸಿಲ್ವರ್ ಎಂಬ ಬಿಳಿಯ ಕುದುರೆ. ದುಷ್ಟರನ್ನು ಹಿಡಿದುಕೊಟ್ಟು, ಹೆಸರು ಹೇಳದೆ, ಪ್ರತಿಫಲ ಬಯಸದೆ ಹೊರಟುಹೋಗುವ ವೀರ ಇವನು. ಕೆಲವು ವಾರಗಳಲ್ಲೇ ಬರೆದವರಿಗೂ ಆಡಿಸಿದವರಿಗೂ ತಿಳಿಯಿತು, ಒಂಟಿ ಸವಾರ ಒಂಟಿಯಾಗಿಯೇ ಉಳಿದರೆ ನಾಟಕ ನಡೆಯದೆಂದು. ಅವನ ಮಾತಿಗೆ ಕಿವಿಗೊಡುವವನೊಬ್ಬ ಬೇಕಾಯಿತು. ಹೀಗೆ ಹುಟ್ಟಿದವನು ಟಾಂಟೋ. ಅಮೆರಿಕದ ಮೂಲನಿವಾಸಿ, ಸವಾರನ ನಂಬಿಕೆಯ ಸಂಗಾತಿ.

ಬಾನುಲಿಯ ಒಂದು ಕೊರತೆಯನ್ನು ತುಂಬಲು ಹುಟ್ಟಿದ ಈ ಪಾತ್ರ ಮುಂದೆ ಒಬ್ಬ ನಿಜವಾದ ಮನುಷ್ಯನ ಬಾಳನ್ನೇ ಆವರಿಸಿತು. ಆ ಮನುಷ್ಯನ ಹೆಸರು ಜೇ ಸಿಲ್ವರ್‌ಹೀಲ್ಸ್. ಅವರ ಕಥೆಯನ್ನು ಇಲ್ಲಿ ಓದುಗರ ಮುಂದಿಡುತ್ತೇವೆ.

ಕೆನಡಾ ದೇಶದ ಆಂಟೇರಿಯೋ ಪ್ರಾಂತದಲ್ಲಿ ಗ್ರಾಂಡ್ ಎಂಬ ನದಿಯಿದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ವಹಿಸಿ ತಮ್ಮ ನೆಲ ಕಳೆದುಕೊಂಡ ಮೂಲನಿವಾಸಿಗಳಿಗೆ 1784ರಲ್ಲಿ ಈ ನದಿಯ ಇಕ್ಕೆಲದಲ್ಲಿ ಆರಾರು ಮೈಲಿ ಅಗಲದ ಭೂಮಿಯನ್ನು ಕೊಡಲಾಯಿತು. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ, ಟಸ್ಕರೋರ ಎಂಬ ಆರು ಜನಾಂಗಗಳ ಒಕ್ಕೂಟ ಅದು. ಕೊಟ್ಟ ಭೂಮಿ ವರ್ಷದಿಂದ ವರ್ಷಕ್ಕೆ ಕರಗುತ್ತ ಹೋಗಿ, ಮೊದಲಿದ್ದುದರಲ್ಲಿ ಒಂದು ಸಣ್ಣ ಭಾಗ ಮಾತ್ರ ‘ಆರು ಜನಾಂಗಗಳ ಮೀಸಲು ಪ್ರದೇಶ’ವಾಗಿ ಉಳಿಯಿತು. ಹತ್ತಿರದ ಪಟ್ಟಣ ಬ್ರಾಂಟ್‌ಫರ್ಡ್. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಕುಟುಂಬ 1870ರಲ್ಲಿ ಬಂದು ನೆಲೆಸಿದ್ದು ಈ ಊರಿನ ಬಳಿಯೇ.

ಈ ಮೀಸಲು ಪ್ರದೇಶದಲ್ಲಿ 1912ರ ಮೇ 26ರಂದು ಹೆರಾಲ್ಡ್ ಜೇ ಸ್ಮಿತ್ ಎಂಬ ಮಗು ಹುಟ್ಟಿತು. ಮನೆ ತುಂಬ ಮಕ್ಕಳು. ತಂದೆ ಅಲೆಕ್ಸಾಂಡರ್ ಜಾರ್ಜ್ ಸ್ಮಿತ್ ಕೆನಡಾ ಸೇನೆಯ ಅಧಿಕಾರಿ. ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಗಾಯಗೊಂಡು, ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಎಂಬ ಪದಕ ಪಡೆದವರು. ಓದುಗರು ಈ ಸಂಗತಿಯನ್ನು ನೆನಪಿನಲ್ಲಿಡಬೇಕು. ಮುಂದೆ ಲಕ್ಷಾಂತರ ಮಕ್ಕಳ ಎದುರು ಮುರುಕು ಇಂಗ್ಲಿಷಿನಲ್ಲಿ ಮಾತನಾಡಬೇಕಾಗಿ ಬಂದ ನಟನು ಹುಟ್ಟಿದ್ದು ಸಾಮ್ರಾಜ್ಯದ ಸೇನೆಯಲ್ಲಿ ಬಿಳಿಯರಿಗೆ ಸರಿಸಮನಾಗಿ ಆಜ್ಞೆ ಕೊಟ್ಟವರ ಮನೆಯಲ್ಲಿ.

ಹುಡುಗನಿಗೆ ಹತ್ತು ಹನ್ನೊಂದು ವರ್ಷವಾದಾಗ ಆ ನೆಲದಲ್ಲಿ ದೊಡ್ಡ ವಿವಾದ ನಡೆಯುತ್ತಿತ್ತು. ನಮ್ಮನ್ನು ನಮ್ಮ ಹಿರಿಯರ ಸಭೆಯೇ ಆಳಬೇಕು, ಕೆನಡಾ ಸರ್ಕಾರಕ್ಕೆ ಇಲ್ಲಿ ಅಧಿಕಾರವಿಲ್ಲ ಎಂದು ಒಕ್ಕೂಟದ ಮುಖಂಡರು ವಾದಿಸಿದರು. ಅವರ ಪರವಾಗಿ ಡೆಸ್ಕಾಹೆ ಎಂಬ ಪದವಿಯ ಲೀವೈ ಜನರಲ್ 1923ರಲ್ಲಿ ಜಿನೀವಾ ನಗರಕ್ಕೆ ಹೋಗಿ ರಾಷ್ಟ್ರಸಂಘದ ಬಾಗಿಲು ತಟ್ಟಿದರು. ಅಲ್ಲಿ ಅವರ ಮನವಿಗೆ ಅವಕಾಶ ದೊರೆಯಲಿಲ್ಲ. 1924ರಲ್ಲಿ ಸರ್ಕಾರ ಹಿರಿಯರ ಸಭೆಯನ್ನು ತೆಗೆದುಹಾಕಿ ಚುನಾಯಿತ ಸಭೆಯನ್ನು ಸ್ಥಾಪಿಸಿತು. ತಾಯ್ನಾಡಿಗೆ ಮರಳದೆ ಅಮೆರಿಕದಲ್ಲಿ ಉಳಿದ ಡೆಸ್ಕಾಹೆ, 1925ರ ಮಾರ್ಚ್ 10ರಂದು ರೋಚೆಸ್ಟರ್ ಊರಿನ ಬಾನುಲಿ ನಿಲಯದಿಂದ ತಮ್ಮ ಜನರ ಅಹವಾಲನ್ನು ಲೋಕಕ್ಕೆ ಹೇಳಿದರು. ಅದೇ ಅವರ ಕೊನೆಯ ಭಾಷಣವಾಯಿತು. ಜೂನ್ ತಿಂಗಳಲ್ಲಿ ತೀರಿಕೊಂಡರು. ಬಾನುಲಿ ಇನ್ನೂ ಕೂಸಾಗಿದ್ದ ಆ ಕಾಲದಲ್ಲಿ ಒಬ್ಬ ಮೂಲನಿವಾಸಿ ತನ್ನ ಮಾತನ್ನು ತಾನೇ, ನೆಟ್ಟಗೆ, ಧ್ವನಿವಾಹಕದ ಮುಂದೆ ನಿಂತು ಆಡಿದ್ದನು. ಎಂಟು ವರ್ಷಗಳ ಮೇಲೆ ಡೆಟ್ರಾಯಿಟ್ ನಿಲಯ ಕಟ್ಟಿದ ಮೂಲನಿವಾಸಿಯ ಧ್ವನಿ ಇದಕ್ಕೆ ತೀರ ಬೇರೆಯಾಗಿತ್ತು.

ಸ್ಮಿತ್ ಅವರ ಮೊದಲ ಕೀರ್ತಿ ನಟನೆಯಿಂದ ಬಂದುದಲ್ಲ, ಆಟದಿಂದ. ಉದ್ದ ಕೋಲಿನ ತುದಿಗೆ ಬಲೆ ಕಟ್ಟಿ, ಅದರಲ್ಲಿ ಚೆಂಡನ್ನು ಹಿಡಿದು ಎಸೆಯುತ್ತ ಓಡುವ ಲಕ್ರಾಸ್ ಎಂಬ ಆಟ ಮೂಲನಿವಾಸಿಗಳದೇ ಸೃಷ್ಟಿ. ಅವರಿಂದ ಕಲಿತ ಬಿಳಿಯರು 1880ರಲ್ಲಿ ಅವರನ್ನೇ ತಮ್ಮ ಪಂದ್ಯಾವಳಿಗಳಿಂದ ಹೊರಗಿಟ್ಟರು. ಹಣಕ್ಕೆ ಆಡುವವರೆಂಬುದು ಕೊಟ್ಟ ಕಾರಣ. 1931ರ ಸುಮಾರಿಗೆ ಕಾಲ ತಿರುಗಿತು. ಚಳಿಗಾಲದಲ್ಲಿ ಹಾಕಿ ಆಡಿಸುತ್ತಿದ್ದ ಮಂಜುಗಟ್ಟೆಯ ಕ್ರೀಡಾಂಗಣಗಳು ಬೇಸಿಗೆಯಲ್ಲಿ ಬರಿದಾಗಿ ಬಿದ್ದಿರುತ್ತಿದ್ದವು. ಅವುಗಳನ್ನು ತುಂಬಿಸಲು ಮಾಲೀಕರು ಗೋಡೆಗಳ ನಡುವೆ ಆಡುವ ಹೊಸ ಬಗೆಯ ಲಕ್ರಾಸನ್ನು ಆರಂಭಿಸಿದರು. ಅದಕ್ಕೆ ಹಣ ಪಡೆದು ಆಡುವ ಚುರುಕಿನ ಆಟಗಾರರು ಬೇಕಾದರು. ಹ್ಯಾರಿ ಸ್ಮಿತ್ ಎಂಬ ಹೆಸರಿನಲ್ಲಿ ನಮ್ಮ ಕಥಾನಾಯಕರು ಟೊರಾಂಟೋ, ಬಫಲೋ, ರೋಚೆಸ್ಟರ್ ಕಡೆಯ ತಂಡಗಳಲ್ಲಿ ಹೆಸರು ಮಾಡಿದರು. ಓಟದ ವೇಗ ಅವರಿಗೊಂದು ಅಡ್ಡಹೆಸರನ್ನು ತಂದಿತು: ಸಿಲ್ವರ್‌ಹೀಲ್ಸ್, ಬೆಳ್ಳಿ ಹಿಮ್ಮಡಿಯವ. ಮುಷ್ಟಿಯುದ್ಧದಲ್ಲೂ ಕೈ ಪಳಗಿತ್ತು. 1938ರ ‘ಗೋಲ್ಡನ್ ಗ್ಲವ್ಸ್’ ಸ್ಪರ್ಧೆಯಲ್ಲಿ ಮಧ್ಯಮ ತೂಕದ ವಿಭಾಗದಲ್ಲಿ ಎರಡನೆಯ ಸ್ಥಾನ ಗಳಿಸಿದರು.

ಲಾಸ್ ಏಂಜಲೀಸಿನಲ್ಲಿ ಲಕ್ರಾಸ್ ಆಡುತ್ತಿದ್ದಾಗ ಜೋ ಬ್ರೌನ್ ಎಂಬ ಪ್ರಸಿದ್ಧ ಹಾಸ್ಯನಟರ ಕಣ್ಣಿಗೆ ಬಿದ್ದರು. ಅವರ ಪ್ರೋತ್ಸಾಹದಿಂದ 1930ರ ದಶಕದ ಕೊನೆಯಲ್ಲಿ ಹಾಲಿವುಡ್ ಪ್ರವೇಶವಾಯಿತು. ಪ್ರವೇಶವೆಂದರೆ ದೊಡ್ಡ ಬಾಗಿಲಿನಿಂದಲ್ಲ. ಗುಂಪಿನಲ್ಲಿ ಒಬ್ಬ, ಕುದುರೆಯಿಂದ ಉರುಳಿ ಬೀಳುವವನೊಬ್ಬ, ಬಾಣ ಬಿಟ್ಟು ಗುಂಡೇಟಿಗೆ ಸಾಯುವವನೊಬ್ಬ. ಹತ್ತು ವರ್ಷ ಇಂಥ ಕೆಲಸ ಮಾಡಿದ ಮೇಲೆ 1947ರಲ್ಲಿ ‘ಕ್ಯಾಪ್ಟನ್ ಫ್ರಮ್ ಕ್ಯಾಸ್ಟೀಲ್’, 1948ರಲ್ಲಿ ಹಂಫ್ರಿ ಬೋಗಾರ್ಟ್ ನಟಿಸಿದ ‘ಕೀ ಲಾರ್ಗೋ’ ಚಿತ್ರಗಳಲ್ಲಿ ಹೆಸರುಳ್ಳ ಪಾತ್ರಗಳು ದೊರೆತವು. 1950ರ ‘ಬ್ರೋಕನ್ ಆ್ಯರೋ’ ಚಿತ್ರದಲ್ಲಿ ಅಪಾಚೆ ಜನರ ವೀರ ಜೆರೋನಿಮೋ ಆದರು. ಮೂಲನಿವಾಸಿಗಳನ್ನು ಸಹಾನುಭೂತಿಯಿಂದ ಕಂಡ ಚಿತ್ರವೆಂದು ಅದನ್ನು ಹೊಗಳಿದವರು ಬಹಳ. ಆದರೂ ಅದರಲ್ಲಿ ಶಾಂತಿಯನ್ನು ಒಪ್ಪುವ ಸಜ್ಜನ ನಾಯಕ ಕೊಚೀಸನ ಪಾತ್ರ ಹೋದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಬಿಳಿಯ ನಟ ಜೆಫ್ ಚಾಂಡ್ಲರ್ ಅವರಿಗೆ. ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ನಟಿಸಿದ ಅವರ ಹೆಸರು ಆಸ್ಕರ್ ಬಹುಮಾನದ ಸ್ಪರ್ಧೆಗೂ ಹೋಯಿತು. ಬಣ್ಣ ಬಳಿಯಬೇಕಾಗಿಲ್ಲದ ಸಿಲ್ವರ್‌ಹೀಲ್ಸರಿಗೆ ಸಿಕ್ಕಿದ್ದು ಸಿಡುಕಿ ಎದ್ದು ಹೋಗುವ ಪಾತ್ರ. ಆ ಕಾಲದ ಹಾಲಿವುಡ್ಡಿನ ನಡೆ ಹಾಗಿತ್ತು.

ಈಗ ಮತ್ತೆ ಬಾನುಲಿಗೆ ಬರೋಣ. ಡೆಟ್ರಾಯಿಟ್ ನಿಲಯದ ಲೋನ್ ರೇಂಜರ್ ಅಷ್ಟರಲ್ಲಿ ಇಡೀ ಅಮೆರಿಕದ ಮಕ್ಕಳ ಮನೆಮಾತಾಗಿದ್ದನು. ರೋಸಿನಿ ಎಂಬ ಇಟಲಿಯ ಸಂಗೀತಗಾರ ‘ವಿಲಿಯಂ ಟೆಲ್’ ಗೀತನಾಟಕಕ್ಕೆ ಬರೆದ ವಾದ್ಯಸಂಗೀತ ಕೇಳಿದೊಡನೆ ಮಕ್ಕಳು ರೇಡಿಯೋ ಸುತ್ತ ಸೇರುತ್ತಿದ್ದರು. ತೆಂಗಿನ ಕರಟಗಳನ್ನು ತಾಳ ಹಾಕಿ ಕುದುರೆಯ ಗೊರಸಿನ ಸದ್ದು ಹುಟ್ಟಿಸುವುದು ಬಾನುಲಿಯವರ ಹಳೆಯ ವಿದ್ಯೆ. ಕೇಳುವವರ ಕಲ್ಪನೆಯಲ್ಲಿ ಮಾತ್ರ ನಿಜವಾದ ಬಿಳಿಯ ಕುದುರೆಯೇ ಓಡುತ್ತಿತ್ತು. ಈ ನಾಟಕದಲ್ಲಿ ಟಾಂಟೋ ಆಗಿ ಬಹುಕಾಲ ಮಾತನಾಡಿದವರು ಜಾನ್ ಟಾಡ್ ಎಂಬ ಹಿರಿಯ ಬಿಳಿಯ ನಟರು. ಷೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದ ನಾಲಗೆ ಅವರದು. ಆ ನಾಲಗೆಯಿಂದ ವ್ಯಾಕರಣವಿಲ್ಲದ ಇಂಗ್ಲಿಷನ್ನು ಆಡಿಸಲಾಯಿತು. ಕನ್ನಡದಲ್ಲಿ ಅದರ ಧಾಟಿಯನ್ನು ಅನುಕರಿಸುವುದಾದರೆ, “ನಾನು ಹೋಗುವುದು ಪಟ್ಟಣ, ನೋಡುವುದು ಕಳ್ಳ” ಎಂದಂತೆ ಇರುತ್ತಿತ್ತು. ಟಾಂಟೋ ತನ್ನ ಗೆಳೆಯನನ್ನು ಕರೆಯುತ್ತಿದ್ದ ‘ಕೀಮೋ ಸಾಬಿ’ ಎಂಬ ಹೆಸರು ಮಿಷಿಗನ್ ಪ್ರಾಂತದಲ್ಲಿ ಹುಡುಗರು ರಜೆ ಕಳೆಯುತ್ತಿದ್ದ ಒಂದು ಶಿಬಿರದ ಹೆಸರಿನಿಂದ ಬಂದುದು. ಶಿಬಿರವನ್ನು ನಡೆಸುತ್ತಿದ್ದವರು ನಾಟಕದ ನಿರ್ದೇಶಕರ ಮಾವ. ಇನ್ನು ಟಾಂಟೋ ಎಂಬ ಮಾತಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಪೆದ್ದ’ ಎಂದು ಅರ್ಥ. ಆದ್ದರಿಂದ ಆ ಭಾಷೆಗೆ ತಂದಾಗ ಹೆಸರನ್ನು ‘ಟೋರೋ’ ಎಂದರೆ ‘ಗೂಳಿ’ ಎಂದು ಬದಲಿಸಬೇಕಾಯಿತು.

ಇಷ್ಟಾದರೂ ಟಾಂಟೋ ಇಲ್ಲದೆ ನಾಟಕ ನಿಲ್ಲುತ್ತಿರಲಿಲ್ಲ. ಇದಕ್ಕೊಂದು ನಿದರ್ಶನ ಉಂಟು. 1941ರ ಏಪ್ರಿಲಿನಲ್ಲಿ ಸವಾರನ ಪಾತ್ರಧಾರಿ ಅರ್ಲ್ ಗ್ರೇಸರ್ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಕೇಳುಗರಿಗೆ ಪರಿಚಿತವಾದ ಧ್ವನಿ ಒಂದೇ ರಾತ್ರಿಯಲ್ಲಿ ಬದಲಾದರೆ ಗತಿಯೇನು? ನಿಲಯದವರು ಒಂದು ಉಪಾಯ ಹೂಡಿದರು. ಸವಾರನಿಗೆ ಪೆಟ್ಟಾಗಿದೆ, ಮಾತನಾಡಲಾರ ಎಂದು ಕಥೆ ಕಟ್ಟಿ, ಕೆಲವು ಸಂಚಿಕೆಗಳ ಭಾರವನ್ನೆಲ್ಲ ಟಾಂಟೋನ ಮೇಲೆ ಹೊರಿಸಿದರು. ಸವಾರನು ಮೆಲ್ಲಮೆಲ್ಲನೆ ಚೇತರಿಸಿಕೊಂಡು ಮಾತನಾಡಿದಾಗ ಬ್ರೇಸ್ ಬೀಮರ್ ಅವರ ಹೊಸ ಧ್ವನಿಯನ್ನು ಮಕ್ಕಳು ಒಪ್ಪಿಕೊಂಡರು. ಒಡೆಯನು ಮೂಕನಾದಾಗ ಮನೆ ನಡೆಸಿದವನು ಮುರುಕು ಮಾತಿನ ಸಂಗಾತಿಯೇ.

1949ರಲ್ಲಿ ಲೋನ್ ರೇಂಜರ್ ಟೆಲಿವಿಷನ್ನಿಗೆ ಬಂದನು. ಕಿವಿಗೆ ಮಾತ್ರ ಇದ್ದ ಕಥೆಗೆ ಈಗ ಮುಖಗಳು ಬೇಕಾದವು. ಸವಾರನಾಗಿ ಷಿಕಾಗೋದ ಕ್ಲೇಟನ್ ಮೂರ್, ಟಾಂಟೋ ಆಗಿ ಜೇ ಸಿಲ್ವರ್‌ಹೀಲ್ಸ್ ಆಯ್ಕೆಯಾದರು. ಮೂಲನಿವಾಸಿಯ ಪಾತ್ರವನ್ನು ಮೂಲನಿವಾಸಿಗೇ ಕೊಟ್ಟದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ. ಸೆಪ್ಟೆಂಬರ್ 15ರಂದು ಮೊದಲ ಸಂಚಿಕೆ ತೆರೆಕಂಡಿತು. ಆರು ಮಂದಿ ಕಾವಲುಗಾರರನ್ನು ದುಷ್ಟರ ತಂಡವೊಂದು ಕಣಿವೆಯಲ್ಲಿ ಹೊಂಚುಹಾಕಿ ಹೊಡೆಯುತ್ತದೆ. ಐವರು ಸಾಯುತ್ತಾರೆ, ಒಬ್ಬನಲ್ಲಿ ಉಸಿರು ಉಳಿದಿರುತ್ತದೆ. ಅವನನ್ನು ಕಂಡು ಗಾಯ ಕಟ್ಟಿ ಬದುಕಿಸುವವನು ಟಾಂಟೋ. ಶತ್ರುಗಳು ನಂಬಲೆಂದು ಆರು ಗೋರಿ ತೋಡುವ ಜಾಣತನವೂ ಅವನದೇ. ಹಾಗೆ ನೋಡಿದರೆ ಟಾಂಟೋ ಇಲ್ಲದಿದ್ದರೆ ಲೋನ್ ರೇಂಜರ್ ಎಂಬವನೇ ಇರುತ್ತಿರಲಿಲ್ಲ.

1957ರವರೆಗೆ 221 ಸಂಚಿಕೆಗಳು ಬಂದವು. ಎ.ಬಿ.ಸಿ. ಎಂಬ ಎಳೆಯ ಪ್ರಸಾರ ಸಂಸ್ಥೆಗೆ ಇದು ಮೊದಲ ದೊಡ್ಡ ಯಶಸ್ಸು. ನಡುವೆ ಕೆಲಕಾಲ ಮೂರ್ ಅವರ ಬದಲು ಜಾನ್ ಹಾರ್ಟ್ ಎಂಬವರು ಮುಖವಾಡ ಧರಿಸಿದರು. ಮುಖವಾಡದ ಒಳಗಿನವರು ಬದಲಾದರು, ಪಕ್ಕದ ಕುದುರೆಯ ಮೇಲಿದ್ದ ಸಿಲ್ವರ್‌ಹೀಲ್ಸ್ ಬದಲಾಗಲಿಲ್ಲ. 1956 ಮತ್ತು 1958ರಲ್ಲಿ ಎರಡು ಚಲನಚಿತ್ರಗಳೂ ಬಂದವು. ಆದರೆ ಜಾನ್ ಟಾಡ್ ಅವರ ಕಾಲದ ಮುರುಕು ಇಂಗ್ಲಿಷು ಮಾತ್ರ ಹಾಗೆಯೇ ಉಳಿಯಿತು. ಬರೆದುಕೊಟ್ಟದ್ದನ್ನು ಆಡುವುದು ನಟನ ಕೆಲಸ. ಕಥೆಯೊಳಗೆ ಸುದ್ದಿ ತರಲು ಪಟ್ಟಣಕ್ಕೆ ಹೋಗಿ ಪೆಟ್ಟು ತಿಂದು ಬರುವುದೂ ಅನೇಕ ಸಲ ಅವರ ಪಾಲಿಗೇ ಬಂತು.

ಓದುಗರು ಕೇಳಬಹುದು: ಇಂಥ ಪಾತ್ರವನ್ನು ಅವರು ಒಪ್ಪಿದ್ದೇಕೆ? ಅವರ ಮುಂದಿದ್ದ ದಾರಿಗಳನ್ನು ಎಣಿಸಿ ನೋಡಬೇಕು. ಒಂದು ಕಡೆ ಹೆಸರಿಲ್ಲದೆ ಕುದುರೆಯಿಂದ ಉರುಳಿ ಸಾಯುವ ಕೆಲಸ. ಇನ್ನೊಂದು ಕಡೆ ವಾರವಾರ ಬದುಕಿ ಬರುವ, ಸುಳ್ಳು ಹೇಳದ, ಗೆಳೆಯನನ್ನು ಕೈಬಿಡದ ಪಾತ್ರ. ಅದರ ಮಾತು ಮುರುಕಾಗಿತ್ತು, ನಡತೆ ಮುರುಕಾಗಿರಲಿಲ್ಲ. ಸಿಲ್ವರ್‌ಹೀಲ್ಸ್ ಅದನ್ನು ಬೆನ್ನು ನೆಟ್ಟಗಿಟ್ಟು ಅಭಿನಯಿಸಿದರು. ಬರಹಗಾರ ಕೊಡದ ಘನತೆಯನ್ನು ಕುದುರೆಯ ಮೇಲಿನ ಕೂತ ರೀತಿಯಿಂದ, ಕಣ್ಣಿನ ನೋಟದಿಂದ ತುಂಬಿಕೊಟ್ಟರು. ಆದರೂ ಆ ಪಾತ್ರವನ್ನು ಎರಡು ಬಗೆಯಲ್ಲಿ ಕಂಡವರಿದ್ದರು. ಪರದೆಯ ಮೇಲೆ ತಮ್ಮವನೊಬ್ಬ ಸಜ್ಜನನಾಗಿ ಕಾಣಿಸಿದನೆಂದು ಸಂತೋಷಪಟ್ಟ ಮೂಲನಿವಾಸಿ ಮಕ್ಕಳು ಒಂದು ಕಡೆ. ತಮ್ಮ ಜನರನ್ನು ಬಿಳಿಯನ ಬಾಲವಾಗಿ ತೋರಿಸಿದರೆಂದು ನೊಂದವರು ಇನ್ನೊಂದು ಕಡೆ. ಎರಡೂ ನಿಜವಾದ ಅನುಭವಗಳೇ; ಒಂದರಿಂದ ಇನ್ನೊಂದು ಅಳಿಸಿಹೋಗುವುದಿಲ್ಲ.

ಮಾಲೆ ನಿಂತ ಮೇಲೆ ಅದರ ಬೆಲೆ ತೆರಬೇಕಾಯಿತು. ಹೋದಲ್ಲೆಲ್ಲ ಅವರು ಟಾಂಟೋ. ಬೇರೆ ಬಗೆಯ ಪಾತ್ರಗಳು ಬರಲಿಲ್ಲ. ಜೀವನಕ್ಕಾಗಿ ಮಾರಾಟಗಾರರ ಕೆಲಸವನ್ನೂ ಮಾಡಿದರು. ತಮ್ಮ ಬಾಲ್ಯದ ಮೀಸಲು ಪ್ರದೇಶವನ್ನು ನೆನೆದು ಕವಿತೆಗಳನ್ನು ಬರೆದು ಟೆಲಿವಿಷನ್ನಿನಲ್ಲಿ ಓದಿದರು. 1969ರಲ್ಲಿ ಜಾನಿ ಕಾರ್ಸನ್ ಅವರ ಹಾಸ್ಯ ಕಾರ್ಯಕ್ರಮದಲ್ಲಿ ಸವಾರನಿಲ್ಲದ ಟಾಂಟೋ ಆಗಿ ಕಾಣಿಸಿಕೊಂಡು, ತಮ್ಮ ಪಾತ್ರವನ್ನು ತಾವೇ ನಗೆಗೀಡುಮಾಡಿದರು. ಮುಂದೆ ಗಾಡಿ ಕಟ್ಟಿದ ಕುದುರೆಗಳ ಪಂದ್ಯದಲ್ಲಿ ಚಾಲಕರಾಗಿಯೂ ಇಳಿದರು. ಟಾಂಟೋನ ಕುದುರೆ ಸ್ಕೌಟ್ ಇಂಥ ಪಂದ್ಯಕ್ಕೆ ಆದೀತೇ ಎಂದು ಕೇಳಿದವರಿಗೆ, ಆ ಕುದುರೆಗಿಂತ ನಾನೇ ಜೋರಾಗಿ ಓಡಬಲ್ಲೆ ಎಂದು ನಕ್ಕರಂತೆ. ಲಕ್ರಾಸ್ ಆಟದ ಬೆಳ್ಳಿ ಹಿಮ್ಮಡಿಯವರಲ್ಲವೇ!

ಆದರೆ ಅವರು ಮಾಡಿದ ಗಟ್ಟಿಯಾದ ಕೆಲಸ ಬೇರೆ. 1960ರ ದಶಕದಲ್ಲಿ ಲಾಸ್ ಏಂಜಲೀಸಿನ ಎಕೋ ಪಾರ್ಕ್ ಬಡಾವಣೆಯಲ್ಲಿ ಮೂಲನಿವಾಸಿ ನಟರಿಗಾಗಿ ‘ಇಂಡಿಯನ್ ಆ್ಯಕ್ಟರ್ಸ್ ವರ್ಕ್‌ಷಾಪ್’ ಎಂಬ ಅಭಿನಯ ಶಾಲೆಯನ್ನು ಸಂಗಡಿಗರೊಡನೆ ಸ್ಥಾಪಿಸಿದರು. ಮೂಲನಿವಾಸಿಗಳಲ್ಲಿ ತರಬೇತಿ ಪಡೆದ ನಟರಿಲ್ಲ, ಅದಕ್ಕೇ ಬಿಳಿಯರಿಗೆ ಬಣ್ಣ ಬಳಿಯುತ್ತೇವೆ ಎಂಬುದು ನಿರ್ಮಾಪಕರ ಹಳೆಯ ನೆಪ. ಆ ನೆಪವೇ ಇಲ್ಲದಂತೆ ಮಾಡುವುದು ಈ ಶಾಲೆಯ ಉದ್ದೇಶ. ಮಾತು, ನಡೆ, ಭಾವ, ಕುದುರೆ ಸವಾರಿ ಇವುಗಳನ್ನು ಕಲಿಸಿ ಹೊಸಬರನ್ನು ಸಿದ್ಧಗೊಳಿಸುವ ಕೆಲಸಕ್ಕೆ ತೊಡಗಿದರು. ತಾವು ಒಬ್ಬರೇ ಒಳಗೆ ಬಂದು ಬಾಗಿಲು ಮುಚ್ಚಿಕೊಳ್ಳಲಿಲ್ಲ.

ಜೊತೆಗಾರ ಕ್ಲೇಟನ್ ಮೂರ್ ಅವರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮಾಲೆ ಮುಗಿದ ಮೇಲೂ ಅವರು ಊರೂರಿಗೆ ಮುಖವಾಡ ಧರಿಸಿಯೇ ಹೋಗುತ್ತಿದ್ದರು. ಪಾತ್ರದ ಹಕ್ಕನ್ನು 1954ರಲ್ಲಿ ಮೂವತ್ತು ಲಕ್ಷ ಡಾಲರಿಗೆ ಕೊಂಡಿದ್ದ ಜ್ಯಾಕ್ ರ್‍ಯಾದರ್ ಅವರ ಸಂಸ್ಥೆ, 1979ರಲ್ಲಿ ನ್ಯಾಯಾಲಯದ ಆಜ್ಞೆ ತಂದು ಆ ಮುಖವಾಡವನ್ನು ತೆಗೆಸಿತು. ಮೂರ್ ಕಪ್ಪು ಕನ್ನಡಕ ಹಾಕಿಕೊಂಡು ತಿರುಗಿದರು. ಜನ ಅವರ ಪರ ನಿಂತರು. ಕೆಲವು ವರ್ಷಗಳ ಮೇಲೆ ಮುಖವಾಡ ಮರಳಿ ಬಂತು. ಒಬ್ಬರು ಮುಖವಾಡಕ್ಕಾಗಿ ಹೋರಾಡಿದರು. ಇನ್ನೊಬ್ಬರಿಗೆ ತೆಗೆದಿಡಲು ಮುಖವಾಡವೇ ಇರಲಿಲ್ಲ. ಹುಟ್ಟಿನಿಂದ ಬಂದ ಸ್ವಂತ ಮುಖವನ್ನೇ ಜನ ಟಾಂಟೋನ ಮುಖವೆಂದು ಕಂಡರು.

ಅದೇ 1979ರಲ್ಲಿ ಹಾಲಿವುಡ್ಡಿನ ಪ್ರಸಿದ್ಧ ಕಾಲುದಾರಿಯಲ್ಲಿ ಸಿಲ್ವರ್‌ಹೀಲ್ಸ್ ಹೆಸರಿನ ನಕ್ಷತ್ರವನ್ನು ಕೂರಿಸಲಾಯಿತು. ಅಷ್ಟರಲ್ಲಿ ಪಾರ್ಶ್ವವಾಯು ಅವರನ್ನು ಕುಗ್ಗಿಸಿತ್ತು. 1980ರ ಮಾರ್ಚ್ 5ರಂದು, 67ನೆಯ ವಯಸ್ಸಿನಲ್ಲಿ, ಕ್ಯಾಲಿಫೋರ್ನಿಯದಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಗ್ರಾಂಡ್ ನದಿಯ ತೀರದ ಮೀಸಲು ಪ್ರದೇಶಕ್ಕೆ ಹಿಂದಿರುಗಿತು.

ಅವರು ಹಿಡಿದ ದಾರಿ ಬೇಗನೆ ಸಾಗಲಿಲ್ಲ. 2013ರಲ್ಲಿ ಲೋನ್ ರೇಂಜರ್ ಕಥೆಯನ್ನು ಮತ್ತೆ ಚಲನಚಿತ್ರ ಮಾಡಿದಾಗ ಟಾಂಟೋ ಆದವರು ಜಾನಿ ಡೆಪ್, ಅದೂ ಮುಖ ತುಂಬ ಬಣ್ಣ ಬಳಿದು. ಆದರೆ 2019ರಲ್ಲಿ ಚೆರೋಕಿ ಜನಾಂಗದ ವೆಸ್ ಸ್ಟುಡಿ ಅವರಿಗೆ ಜೀವಮಾನದ ಸಾಧನೆಗಾಗಿ ಗೌರವ ಆಸ್ಕರ್ ದೊರೆಯಿತು. ಮೂಲನಿವಾಸಿ ನಟನೊಬ್ಬನಿಗೆ ಇಂಥ ಗೌರವ ಸಿಗಲು ಅಷ್ಟು ಕಾಲ ಬೇಕಾಯಿತು.

ಬಾನುಲಿ ನಾಟಕ ಕೇಳುವ ನಮಗೆ ಈ ಕಥೆಯಲ್ಲಿ ಒಂದು ಎಚ್ಚರಿಕೆಯಿದೆ. ಧ್ವನಿಯಿಂದ ಜನರನ್ನು ಕಟ್ಟುವುದು ಸುಲಭ. ಸೇವಕನೆಂದರೆ ಒಂದು ಉಚ್ಚಾರಣೆ, ಹಳ್ಳಿಯವನೆಂದರೆ ಇನ್ನೊಂದು, ಪರದೇಶಿಯೆಂದರೆ ಮತ್ತೊಂದು; ಕೇಳುವವರು ಕೂಡಲೇ ಗುರುತಿಸಿ ನಗುತ್ತಾರೆ, ಬರೆಯುವವರ ಕೆಲಸ ಹಗುರಾಗುತ್ತದೆ. ಆ ಉಚ್ಚಾರಣೆ ಮಾತ್ರ ನಾಟಕ ಮುಗಿದ ಮೇಲೂ ಯಾರೋ ಒಬ್ಬರ ಹೆಗಲ ಮೇಲೆ ಕುಳಿತಿರುತ್ತದೆ. ಸಿಲ್ವರ್‌ಹೀಲ್ಸ್ ಅದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೊತ್ತರು, ಹೊತ್ತುಕೊಂಡೇ ಮುಂದಿನವರಿಗೆ ದಾರಿ ಮಾಡಿದರು.

1997ರಲ್ಲಿ ಕೆನಡಾದ ಲಕ್ರಾಸ್ ಗೌರವ ಮಂದಿರದಲ್ಲಿ ಹಳೆಯ ಆಟಗಾರರ ಸಾಲಿಗೆ ಅವರ ಹೆಸರನ್ನೂ ಸೇರಿಸಿದರು. ಅದು ಯಾರೂ ಬರೆದುಕೊಡದ ಆಟ, ಅವರ ಹಿರಿಯರೇ ಕಟ್ಟಿದ ಆಟ. ಅಲ್ಲಿ ಅವರು ಯಾರ ಸಂಗಾತಿಯೂ ಆಗಿರಲಿಲ್ಲ. ಚೆಂಡು ಹಿಡಿದು ಮುಂದೆ ಓಡುತ್ತಿದ್ದವರು.